ಪರೀಕ್ಷೆಯಲ್ಲಿ ‘ಪೂರ್ವಗ್ರಹ ಇದೆ’ ಎಂದು ಬಂತು, ಈಗ ಏನು ಮಾಡಲಿ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಇನ್‌ಚಾರ್ಜ್. ಡ್ಯೂಟಿ ಹಂಚುವುದು, ಏನಾದರೂ ತಪ್ಪಾದಾಗ ಮೊದಲ ವರದಿ ಬರೆಯುವುದು, ಬಡ್ತಿಯ ಸಂದರ್ಶನದಲ್ಲಿ ಕೂರುವುದು ಎಲ್ಲವೂ ನನ್ನ ಕೆಲಸ. ಈಚೆಗೆ ಅರಿವಿಲ್ಲದ ಪೂರ್ವಗ್ರಹದ ಬಗ್ಗೆ ಒಂದು ಗಂಟೆಯ ತರಬೇತಿ ಕೊಟ್ಟು ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿಸಿದರು. ನನಗೆ ‘ಮಧ್ಯಮ ಪ್ರಮಾಣದ ಪೂರ್ವಗ್ರಹ’ ಎಂದು ಬಂತು. ಅದೇ ವಾರ ಕಿರಿಯ ಸಿಬ್ಬಂದಿಯೊಬ್ಬರು, ‘ಮೆಮೊ ಬರುವುದು ಯಾವಾಗಲೂ ನಮ್ಮಂಥವರಿಗೇ’ ಎಂದು ಮುಖಕ್ಕೇ ಹೇಳಿದರು. ಯಾರನ್ನೂ ಬೇಕೆಂದು ಕೀಳಾಗಿ ಕಂಡ ನೆನಪು ನನಗಿಲ್ಲ. ನಾನು ತಾರತಮ್ಯ ಮಾಡುತ್ತಿದ್ದೇನೆಯೇ? ಅದನ್ನು ತಿಳಿಯುವುದು ಹೇಗೆ? ರೋಗಿಗಳೇ ‘ಆ ನರ್ಸ್ ಬೇಡ’ ಎಂದಾಗ ಏನು ಮಾಡಬೇಕು? ಆ ಕಿರಿಯರಿಗೆ ಏನೆಂದು ಉತ್ತರಿಸಲಿ?

ಉತ್ತರ: ಮೊದಲು ಆ ಫಲಿತಾಂಶವನ್ನು ಪಕ್ಕಕ್ಕಿಡಿ. ನಿಮಗೆ ಮಾಡಿಸಿದ್ದು ಬಹುಶಃ ‘ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್’ ಅಥವಾ ಅದರ ಯಾವುದೋ ಒಂದು ರೂಪ. ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಎರಡು ಗುಂಪಿನ ಮುಖಗಳನ್ನೋ ಹೆಸರುಗಳನ್ನೋ ಒಳ್ಳೆಯ ಪದ, ಕೆಟ್ಟ ಪದಗಳ ಜೊತೆ ಜೋಡಿಸುವಾಗ ನಿಮ್ಮ ಬೆರಳು ಎಲ್ಲಿ ಕೆಲವು ಮಿಲಿಸೆಕೆಂಡ್ ತಡವರಿಸಿತು ಎಂಬುದನ್ನು ಅಳೆಯುತ್ತದೆ, ಅಷ್ಟೆ. ಸಾವಿರಾರು ಜನರ ಸರಾಸರಿ ತೆಗೆದಾಗ ಅದರಿಂದ ಒಂದಿಷ್ಟು ತಿಳಿಯುತ್ತದೆ. ಒಬ್ಬರ ಮಟ್ಟಿಗೆ ಮಾತ್ರ ಅದು ಮೆಟ್ಟಿಲು ಹತ್ತಿ ಬಂದವರ ಬಿ.ಪಿ.ಯನ್ನು ಒಂದೇ ಸಲ ನೋಡಿ ಜೀವನಪೂರ್ತಿ ಮಾತ್ರೆ ಬರೆದುಕೊಟ್ಟ ಹಾಗೆ. ಎರಡು ವಾರ ಬಿಟ್ಟು ಮತ್ತೆ ಮಾಡಿದರೆ ‘ಅಲ್ಪ’ ಎಂದೂ ಬಂದೀತು, ‘ತೀವ್ರ’ ಎಂದೂ ಬಂದೀತು. ಒಬ್ಬೊಬ್ಬರ ಹಣೆಗೆ ಚೀಟಿ ಅಂಟಿಸಲು ಇದನ್ನು ಬಳಸುವುದು ಸರಿಯಲ್ಲ ಎಂದು ಪರೀಕ್ಷೆ ರೂಪಿಸಿದವರೇ ಬರೆದಿದ್ದಾರೆ. ತರಬೇತಿ ಕೊಡುವವರು ಆ ಭಾಗವನ್ನು ಓದಿ ಹೇಳುವುದು ಅಪರೂಪ.

ಇನ್ನು, ಆ ಅಂಕವನ್ನು ಇಳಿಸಿದರೆ ನಡವಳಿಕೆ ತಾನಾಗಿ ಸರಿಹೋಗುತ್ತದೆ ಎಂಬ ಆಸೆ. 2016ರಲ್ಲಿ ಕ್ಯಾಲ್ವಿನ್ ಲೈ ಮತ್ತು ಸಹೋದ್ಯೋಗಿಗಳು 6,000ಕ್ಕೂ ಹೆಚ್ಚು ಜನರ ಮೇಲೆ ಒಂಬತ್ತು ಬಗೆಯ ಕಿರು ಅಭ್ಯಾಸಗಳನ್ನು ಪ್ರಯೋಗಿಸಿ ನೋಡಿದರು. ಒಂಬತ್ತೂ ಆ ಹೊತ್ತಿಗೆ ಅಂಕ ಇಳಿಸಿದವು. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಕಳೆದ ಮೇಲೆ ಒಂದರ ಪರಿಣಾಮವೂ ಉಳಿದಿರಲಿಲ್ಲ. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು ಇನ್ನೂ ಮುಂದೆ ಹೋಯಿತು: ಅಂಕ ಬದಲಾದದ್ದರಿಂದ ಜನರ ನಡೆ ಬದಲಾಯಿತು ಎನ್ನಲು ಅದರಲ್ಲಿ ಆಧಾರ ಸಿಗಲಿಲ್ಲ. ಒಂದು ಗಂಟೆಯ ತರಬೇತಿಯ ಮೇಲೆ ನನಗೆ ಹೆಚ್ಚು ಭರವಸೆ ಇಲ್ಲದಿರುವುದು ಈ ಕಾರಣಕ್ಕೆ. ಅದರಿಂದ ಮಾತಾಡಲು ಕೆಲವು ಪದಗಳು ಸಿಗುತ್ತವೆ, ಅದೂ ಬೇಕು. ಆದರೆ ಅದಕ್ಕೊಂದು ಅಡ್ಡಪರಿಣಾಮ ಇದೆ. ತಾನು ಪೂರ್ವಗ್ರಹ ಇಲ್ಲದವನೆಂದು ತೋರಿಸಿಕೊಳ್ಳಲು ಒಮ್ಮೆ ಅವಕಾಶ ಸಿಕ್ಕವರು ಮುಂದಿನ ನಿರ್ಧಾರದಲ್ಲಿ ಹೆಚ್ಚು ಸಲೀಸಾಗಿ ಪಕ್ಷಪಾತಕ್ಕೆ ಜಾರುತ್ತಾರೆ ಎಂದು ಬೆನೊಯಿ ಮೊನಿನ್ ಮತ್ತು ಡೇಲ್ ಮಿಲ್ಲರ್ 2001ರಲ್ಲೇ ತೋರಿಸಿದ್ದರು. ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ ವಿಭಾಗಗಳನ್ನು ಕಂಡಾಗ ನನಗೆ ಆ ಪ್ರಯೋಗ ನೆನಪಾಗುತ್ತದೆ.

ಹಾಗಾದರೆ ಪೂರ್ವಗ್ರಹ ಎನ್ನುವುದೇ ಸುಳ್ಳೇ? ಅಲ್ಲ. ಪರೀಕ್ಷೆ ದುರ್ಬಲ, ತಾರತಮ್ಯ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನ ಆರೋಗ್ಯ ಕಾರ್ಯಪಡೆಯಲ್ಲಿ ಸುಮಾರು ಶೇ 70ರಷ್ಟು ಮಹಿಳೆಯರು, ಹಿರಿಯ ಹುದ್ದೆಗಳಲ್ಲಿ ಅವರ ಪಾಲು ಶೇ 25. ಅರ್ಥಶಾಸ್ತ್ರಜ್ಞೆ ಹೀದರ್ ಸಾರ್ಸನ್ಸ್ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ದಾಖಲೆಗಳಲ್ಲಿ ಕಂಡದ್ದು ಇನ್ನೂ ಚುರುಕಾಗಿದೆ. ಶಸ್ತ್ರಚಿಕಿತ್ಸೆಯ ನಂತರ ರೋಗಿ ತೀರಿಕೊಂಡರೆ, ರೋಗಿಗಳನ್ನು ಕಳಿಸಿಕೊಡುವ ವೈದ್ಯರು ಮಹಿಳಾ ಸರ್ಜನ್‌ಗೆ ಕಳಿಸುವುದನ್ನು ಪುರುಷ ಸರ್ಜನ್‌ಗಿಂತ ಜಾಸ್ತಿ ಇಳಿಸಿಬಿಡುತ್ತಿದ್ದರು. ಸಾಲದ್ದಕ್ಕೆ, ಆಕೆಯ ಜೊತೆ ಸಂಬಂಧವೇ ಇಲ್ಲದ ಬೇರೆ ಮಹಿಳಾ ಸರ್ಜನ್‌ಗಳ ಬಗ್ಗೆಯೂ ಅವರು ಹಿಂದೆಗೆಯುತ್ತಿದ್ದರು. ಪುರುಷ ಸರ್ಜನ್‌ನ ಕೈಯಲ್ಲಿ ಕೇಸ್ ಕೆಟ್ಟರೆ ಅದು ಅವನೊಬ್ಬನ ಕೇಸ್ ಆಗಿಯೇ ಉಳಿಯುತ್ತಿತ್ತು. ಆ ವೈದ್ಯರಲ್ಲಿ ಒಬ್ಬರನ್ನು ಹಿಡಿದು ಕೇಳಿದ್ದರೆ, ‘ನಾನು ಹೆಣ್ಣು ಗಂಡು ಎಂದು ನೋಡುವುದಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರೇನೋ. ಒಂದೊಂದು ನಿರ್ಧಾರಕ್ಕೂ ಅವರ ಬಳಿ ಕಾರಣ ಇತ್ತು. ಎಲ್ಲವನ್ನೂ ಸಾಲಾಗಿ ಇಟ್ಟಾಗಲೇ ವಾಲಿರುವುದು ಕಾಣುವುದು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಿಮ್ಮ ನೆನಪನ್ನು ಕೇಳಬೇಡಿ, ನಿಮ್ಮ ಕಡತವನ್ನು ಕೇಳಿ. ಪೂರ್ವಗ್ರಹ ನುಸುಳುವುದು ನಿಯಮ ಸಡಿಲ ಇರುವ ಕಡೆ, ‘ನಿಮ್ಮ ವಿವೇಚನೆಗೆ ಬಿಟ್ಟದ್ದು’ ಎಂದಿರುವ ಕಡೆ. ಇಂಥ ಔಷಧ ಇಷ್ಟು ಗಂಟೆಗೊಮ್ಮೆ ಎಂದು ಬರೆದಿಟ್ಟಲ್ಲಿ ಅದಕ್ಕೆ ಜಾಗ ಕಡಿಮೆ. ಇನ್‌ಚಾರ್ಜ್ ಆದವರ ಕೈಯಲ್ಲಿ ಇಂಥ ಸಡಿಲ ಜಾಗಗಳು ಬೇಕಾದಷ್ಟಿರುತ್ತವೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮೆಮೊ.

ಒಂದೇ ತಪ್ಪನ್ನು ಇಬ್ಬರು ಮಾಡುತ್ತಾರೆ ಎನ್ನಿ, ಡೋಸ್ ಕೊಟ್ಟದ್ದನ್ನು ಚಾರ್ಟ್‌ನಲ್ಲಿ ಬರೆಯಲು ಮರೆತದ್ದು. ಒಬ್ಬರ ಜೊತೆ ನೀವು ಬಿಡುವಿನಲ್ಲಿ ಕೂತು ನಗುನಗುತ್ತಾ ಮಾತಾಡುತ್ತೀರಿ, ಅವರ ಮನೆಯ ಕಷ್ಟ ನಿಮಗೆ ಗೊತ್ತು. ಅವರನ್ನು ಪಕ್ಕಕ್ಕೆ ಕರೆದು, ‘ಯಾಕೆ, ನಿನ್ನೆ ನಿದ್ದೆ ಆಗಿಲ್ವಾ?’ ಎಂದು ಕೇಳಿ ಮುಗಿಸುತ್ತೀರಿ. ಇನ್ನೊಬ್ಬರ ಭಾಷೆ ಬೇರೆ, ಜಾತಿ ಬೇರೆ, ಬಣ್ಣ ಬೇರೆ, ಅಥವಾ ಸುಮ್ಮನೆ ಅವರು ಬೇರೆ ಕಡೆಯಿಂದ ವರ್ಗವಾಗಿ ಬಂದವರು. ಅವರಿಗೆ ಹೇಗೆ ಹೇಳುವುದೋ, ಎಲ್ಲಿ ತಪ್ಪು ತಿಳಿಯುತ್ತಾರೋ ಎಂಬ ಅಳುಕು ನಿಮಗೆ. ಆ ಅಳುಕಿನಿಂದ ಮೊದಲ ಸಲ ಸುಮ್ಮನಿರುತ್ತೀರಿ, ಎರಡನೇ ಸಲವೂ ಸುಮ್ಮನಿರುತ್ತೀರಿ. ಮೂರನೇ ಸಲ ನೇರವಾಗಿ ಕಾಗದ ಹೋಗುತ್ತದೆ. ಮೊದಲನೆಯವರಿಗೆ ಸಿಕ್ಕ ಕಿವಿಮಾತು ಇವರಿಗೆ ಸಿಗಲೇ ಇಲ್ಲ. ಇವರ ಕಡತದಲ್ಲಿ ಮೆಮೊ ಇದೆ, ಅವರ ಕಡತ ಸ್ವಚ್ಛ. ಇಡೀ ಕಥೆಯಲ್ಲಿ ದ್ವೇಷ ಎಲ್ಲಿಯೂ ಇಲ್ಲ. ಇದ್ದದ್ದು ಒಬ್ಬರ ಮೇಲಿನ ಸಲಿಗೆ, ಇನ್ನೊಬ್ಬರ ಜೊತೆಗಿನ ಸಂಕೋಚ.

ಇದು ನನ್ನ ಕಲ್ಪನೆ ಮಾತ್ರವಲ್ಲ. ಬ್ರಿಟನ್ನಿನ ವೈದ್ಯಕೀಯ ಮಂಡಳಿ, ಅಲ್ಪಸಂಖ್ಯಾತ ಜನಾಂಗದ ವೈದ್ಯರ ಮೇಲೆ ಅವರ ಆಸ್ಪತ್ರೆಗಳೇ ತನಗೆ ದೂರು ಕಳಿಸುವ ಪ್ರಮಾಣ ಬಿಳಿಯ ವೈದ್ಯರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿರುವುದನ್ನು ಕಂಡು, ಕಾರಣ ಹುಡುಕಲು ರೋಜರ್ ಕ್ಲೈನ್ ಮತ್ತು ಡೋಯಿನ್ ಅಟೆವೊಲೊಗನ್ ಅವರನ್ನು ನೇಮಿಸಿತು. 2019ರ ಅವರ ವರದಿ ಪಟ್ಟಿ ಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ಇದೇ: ತಮ್ಮಿಂದ ಭಿನ್ನರಾದವರ ಜೊತೆ ಕಷ್ಟದ ಮಾತು ಆಡುವುದನ್ನು ಮೇಲಧಿಕಾರಿಗಳು ತಪ್ಪಿಸಿಕೊಳ್ಳುತ್ತಾರೆ, ಹಾಗಾಗಿ ಸಣ್ಣದು ಸಣ್ಣದಾಗಿದ್ದಾಗಲೇ ತೀರುವುದಿಲ್ಲ. ಹೊಸಬರಿಗೆ ಸರಿಯಾಗಿ ಕೆಲಸ ಪರಿಚಯಿಸದಿರುವುದು, ಅವರನ್ನು ಒಂಟಿಯಾಗಿ ದುಡಿಯುವ ಹುದ್ದೆಗಳಿಗೆ ಹಾಕುವುದು, ‘ನಮ್ಮವರು, ಹೊರಗಿನವರು’ ಎಂಬ ಗುಂಪುಗಾರಿಕೆ ಕೂಡ ಆ ಪಟ್ಟಿಯಲ್ಲಿದ್ದವು.

ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2015ರಿಂದ ತನ್ನ ಆಸ್ಪತ್ರೆಗಳು ಜನಾಂಗವಾರು ಅಂಕಿಗಳನ್ನು ಪ್ರಕಟಿಸಬೇಕೆಂದು ಕಡ್ಡಾಯ ಮಾಡಿತು. ಔಪಚಾರಿಕ ಶಿಸ್ತುಕ್ರಮಕ್ಕೆ ಒಳಗಾಗುವ ಸಂಭವ ಅಲ್ಪಸಂಖ್ಯಾತ ಸಿಬ್ಬಂದಿಗೆ 2016ರಲ್ಲಿ ಬಿಳಿಯರಿಗಿಂತ 1.56 ಪಟ್ಟು ಇತ್ತು. 2021ರ ಹೊತ್ತಿಗೆ ಅದು 1.14ಕ್ಕೆ ಇಳಿಯಿತು. ಆದರೆ ನೇಮಕಾತಿಯ ಅಂತಿಮ ಪಟ್ಟಿಗೆ ಬಂದವರಲ್ಲಿ ಬಿಳಿಯರು ಆಯ್ಕೆಯಾಗುವ ಸಂಭವ ಅಲ್ಪಸಂಖ್ಯಾತರಿಗಿಂತ 2016ರಲ್ಲಿ 1.57 ಪಟ್ಟು ಇದ್ದದ್ದು 2021ರಲ್ಲೂ 1.61. ಅದೇ ಸಂಸ್ಥೆ, ಅದೇ ಜನ, ಅದೇ ತರಬೇತಿಗಳು. ಒಂದು ಅಂಕಿ ಇಳಿಯಿತು, ಇನ್ನೊಂದು ಅಲ್ಲಾಡಲಿಲ್ಲ. ಮನಸ್ಸುಗಳೇ ಬದಲಾಗಿದ್ದರೆ ಎರಡೂ ಇಳಿಯಬೇಕಿತ್ತು. ಶಿಸ್ತುಕ್ರಮದ ವಿಷಯದಲ್ಲಿ ಹಲವು ಆಸ್ಪತ್ರೆಗಳು ಒಂದು ಸರಳ ಅಡ್ಡಗಟ್ಟು ಹಾಕಿದ್ದವು: ವಿಚಾರಣೆ ಶುರುವಾಗುವ ಮೊದಲು ಆ ವಿಭಾಗಕ್ಕೆ ಸೇರದ ಹಿರಿಯರೊಬ್ಬರು ನಿಗದಿತ ಪ್ರಶ್ನೆಗಳಿಟ್ಟು ನೋಡಬೇಕು, ‘ಇದಕ್ಕೆ ವಿಚಾರಣೆಯೇ ಬೇಕೆ, ಮಾತಲ್ಲಿ ಮುಗಿಯುವುದಿಲ್ಲವೇ’ ಎಂದು. ನನ್ನ ತೀರ್ಮಾನ ಇದು: ಆ ವ್ಯತ್ಯಾಸದ ಬಹುಪಾಲು ಶ್ರೇಯ ಈ ತಡೆಗೆ ಸಲ್ಲಬೇಕು.

ನಿಮ್ಮ ವಿಭಾಗದಲ್ಲೂ ಇದನ್ನು ಈ ವಾರವೇ ಶುರುಮಾಡಬಹುದು, ಯಾರ ಅನುಮತಿಯೂ ಬೇಡ. ಮೆಮೊ ಬರೆಯುವ ಮುನ್ನ ಬೇರೆ ವಾರ್ಡಿನ ಇನ್‌ಚಾರ್ಜ್‌ಗೆ ಹೆಸರು ಹೇಳದೆ ಘಟನೆಯನ್ನಷ್ಟೇ ವಿವರಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಸುರಕ್ಷತಾ ತಜ್ಞ ಜೇಮ್ಸ್ ರೀಸನ್ ಹೇಳಿಕೊಟ್ಟ ‘ಬದಲಿ ಪರೀಕ್ಷೆ’ಯೂ ಇಲ್ಲಿ ಒದಗುತ್ತದೆ: ಇಷ್ಟೇ ತರಬೇತಿ ಇರುವ ಇನ್ನೊಬ್ಬರು ಅದೇ ರಾತ್ರಿ, ಅಷ್ಟೇ ರೋಗಿಗಳ ಮಧ್ಯೆ ಇದ್ದಿದ್ದರೆ ಇದೇ ತಪ್ಪು ಆಗುತ್ತಿತ್ತೇ? ನಾನು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಇದೇ ತಪ್ಪನ್ನು ನಿಮ್ಮ ಅಚ್ಚುಮೆಚ್ಚಿನವರು ಮಾಡಿದ್ದರೆ ನೀವು ಪೆನ್ನು ಎತ್ತುತ್ತಿದ್ದಿರೇ? ಹೆಸರೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳಿಕೊಳ್ಳಿ, ಸುಮ್ಮನೆ ‘ಬೇರೆ ಯಾರಾದರೂ’ ಎಂದುಕೊಂಡರೆ ಉಪಯೋಗವಿಲ್ಲ.

ಕಿವಿಮಾತಿನ ಲೆಕ್ಕವನ್ನೂ ಇಡಿ. ಮೆಮೊಗೆ ದಾಖಲೆ ಇರುತ್ತದೆ, ಬಾಯಿಮಾತಿಗೆ ಇರುವುದಿಲ್ಲ. ತಾರತಮ್ಯ ಅಡಗಿರುವುದು ಹೆಚ್ಚಾಗಿ ದಾಖಲೆ ಇಲ್ಲದ ಆ ಭಾಗದಲ್ಲಿ. ಯಾರಿಗೆ ಯಾವಾಗ ಏನು ತಿದ್ದಿ ಹೇಳಿದೆ ಎಂದು ನಿಮ್ಮದೇ ಡೈರಿಯಲ್ಲಿ ಒಂದು ಸಾಲು ಬರೆಯುತ್ತಾ ಹೋದರೆ, ತಿಂಗಳುಗಳ ಮೇಲೆ ನಿಮ್ಮ ಮಾತೇ ತಲುಪದ ಕೆಲವು ಹೆಸರುಗಳು ಎದ್ದು ಕಾಣುತ್ತವೆ.

‘ನಮ್ಮಲ್ಲಿ ಎಲ್ಲದಕ್ಕೂ ಅಂಕಿ ಇದೆ, ದೂರುಗಳ ಸಂಖ್ಯೆ ನೋಡಿಯೇ ಕ್ರಮ ಕೈಗೊಳ್ಳುತ್ತೇವೆ’ ಎಂದು ಆಡಳಿತದವರು ಹೇಳಬಹುದು. ಅಂಕಿ ಏನನ್ನು ಅಳೆಯುತ್ತಿದೆ ಎಂದು ನೋಡದೆ ಅದನ್ನು ನಂಬಬೇಡಿ. 2019ರಲ್ಲಿ ಜಿಯಾದ್ ಒಬರ್‌ಮೆಯರ್ ತಂಡ ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಆಲ್ಗರಿದಮ್ (ಕಂಪ್ಯೂಟರ್ ಲೆಕ್ಕಾಚಾರದ ಸೂತ್ರ) ಪರಿಶೀಲಿಸಿತು. ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕೆಂದು ಅದು ಹೇಳಬೇಕಿತ್ತು. ಕಾಯಿಲೆಯ ತೀವ್ರತೆಯ ಬದಲು ಅದು ಚಿಕಿತ್ಸೆಯ ವೆಚ್ಚವನ್ನು ಲೆಕ್ಕ ಹಾಕುತ್ತಿತ್ತು. ಕಪ್ಪು ಜನಾಂಗದವರ ಮೇಲೆ ಮೊದಲಿಂದಲೂ ಕಡಿಮೆ ಖರ್ಚಾಗುತ್ತಿತ್ತು, ಆದ್ದರಿಂದ ಅಷ್ಟೇ ಕಾಯಿಲೆಯಿದ್ದರೂ ಅವರು ‘ಆರೋಗ್ಯವಂತರು’ ಎಂದು ಬರುತ್ತಿತ್ತು. ಅದನ್ನು ತಿದ್ದಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತಿತ್ತು. ಜನಾಂಗ ಎಂಬ ಮಾಹಿತಿಯೇ ಅದರೊಳಗೆ ಇರಲಿಲ್ಲ ಎಂಬುದನ್ನು ಗಮನಿಸಿ. ಸಿಬ್ಬಂದಿಯ ಮೇಲಿನ ದೂರುಗಳ ಸಂಖ್ಯೆಯೂ ಹಾಗೆಯೇ. ಅದು ಯಾರು ಎಷ್ಟು ತಪ್ಪು ಮಾಡಿದರು ಎಂಬುದನ್ನು ಅಳೆಯುವುದಕ್ಕಿಂತ, ಯಾರ ತಪ್ಪನ್ನು ಎಷ್ಟು ಸಲ ಬರೆದಿಟ್ಟರು ಎಂಬುದನ್ನು ಅಳೆಯುತ್ತದೆ.

ಡ್ಯೂಟಿ ಪಟ್ಟಿಯ ವಿಷಯ ಇಷ್ಟು ಜಟಿಲವಲ್ಲ. ಒಂದು ವರ್ಷದ ಹಳೆಯ ರೋಸ್ಟರ್ ತೆಗೆದು ನೈಟ್ ಡ್ಯೂಟಿ, ಹಬ್ಬದ ದಿನಗಳು, ಬೇರೆ ವಾರ್ಡಿಗೆ ಎಳೆದು ಹಾಕಿದ್ದು, ಕಷ್ಟದ ರೋಗಿಗಳು, ಜೊತೆಗೆ ಕಾರ್ಯಾಗಾರಕ್ಕೆ ಕಳಿಸಿದ್ದು, ಹೊಸಬರಿಗೆ ಕಲಿಸುವ ಜವಾಬ್ದಾರಿ ಕೊಟ್ಟದ್ದು, ಎಲ್ಲವನ್ನೂ ಹೆಸರುವಾರು ಎಣಿಸಿ. ಹೊರೆಯನ್ನು ಎಲ್ಲರೂ ಎಣಿಸುತ್ತಾರೆ, ಅವಕಾಶವನ್ನು ಎಣಿಸುವುದನ್ನು ಮರೆಯುತ್ತಾರೆ. ಬಡ್ತಿಯ ಹೊತ್ತಿಗೆ ಲೆಕ್ಕಕ್ಕೆ ಬರುವುದು ಅದೇ. ಎಚ್ಚರಿಕೆಯ ಮಾತೊಂದು: ಹತ್ತು ಹದಿನೈದು ಜನರ ವಿಭಾಗದಲ್ಲಿ ಒಂದೆರಡು ತಿಂಗಳ ಏರುಪೇರಿಗೆ ಏನೂ ಅರ್ಥವಿಲ್ಲ. ಒಬ್ಬರು ರಜೆ ಹೋದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ವರ್ಷಪೂರ್ತಿ ಒಂದೇ ದಿಕ್ಕಿಗೆ ವಾಲಿದ್ದರೆ ಮಾತ್ರ ಕಾರಣ ಹುಡುಕಿ.

ಸಂದರ್ಶನಕ್ಕೆ ಬರೋಣ. ಎರಿಕ್ ಊಲ್‌ಮನ್ ಮತ್ತು ಜೆಫ್ರಿ ಕೋಹೆನ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಾನು ಆಯ್ಕೆ ಸಮಿತಿಗಳಿಗೆಲ್ಲ ಹೇಳುತ್ತೇನೆ. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಇಬ್ಬರು ಅಭ್ಯರ್ಥಿಗಳು: ಒಬ್ಬರಿಗೆ ಓದು ಹೆಚ್ಚು, ಇನ್ನೊಬ್ಬರಿಗೆ ಬೀದಿಯ ಅನುಭವ ಹೆಚ್ಚು. ಓದಿದವನು ಗಂಡಸಾಗಿದ್ದರೆ ‘ಈ ಹುದ್ದೆಗೆ ಓದು ಮುಖ್ಯ’ ಎಂದರು. ಓದಿದವಳು ಹೆಂಗಸಾಗಿದ್ದರೆ ಓದಿನ ತೂಕವೇ ಇಳಿಯಿತು. ಅಭ್ಯರ್ಥಿಯನ್ನು ನೋಡಿ ಅರ್ಹತೆಯನ್ನು ಹೊಲಿದರು, ಹೊಲಿಯುತ್ತಿದ್ದೇವೆಂದು ಗೊತ್ತಿಲ್ಲದೆ. ಅಭ್ಯರ್ಥಿ ಯಾರೆಂದು ತಿಳಿಯುವ ಮೊದಲೇ ಯಾವ ಅರ್ಹತೆಗೆ ಎಷ್ಟು ತೂಕ ಎಂದು ಒಪ್ಪಿಸಿಕೊಂಡಾಗ ಆ ತಾರತಮ್ಯ ಮಾಯವಾಯಿತು. ನಿಮ್ಮ ಸಮಿತಿಯಲ್ಲೂ ಅರ್ಜಿ ತೆರೆಯುವ ಮೊದಲು ತೂಕ ಬರೆದಿಡಿ. ಎಲ್ಲರಿಗೂ ಅವೇ ಪ್ರಶ್ನೆಗಳು, ಮಾತಾಡಿಕೊಳ್ಳುವ ಮೊದಲು ಪ್ರತಿಯೊಬ್ಬರೂ ಅಂಕ ಹಾಕಿ ಮುಗಿಸಿರಬೇಕು. ಇಲ್ಲದಿದ್ದರೆ ಮೊದಲು ಬಾಯಿ ತೆರೆದ ಹಿರಿಯರ ಅಭಿಪ್ರಾಯವೇ ಎಲ್ಲರದ್ದಾಗುತ್ತದೆ. ‘ಒಳ್ಳೆಯವರೇ, ಆದರೆ ನಮ್ಮ ಟೀಮಿಗೆ ಹೊಂದುವುದಿಲ್ಲವೇನೋ’ ಎಂಬ ಮಾತು ಬಂದರೆ, ಏನು ಹೊಂದುವುದಿಲ್ಲ, ಉದಾಹರಣೆ ಕೊಡಿ ಎಂದು ಕೇಳಿ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ.

ಇದರ ಪಕ್ಕದಲ್ಲೇ ಒಂದು ಸಣ್ಣ ಸಂಗತಿ. ವೈದ್ಯಕೀಯ ಉಪನ್ಯಾಸಗಳಲ್ಲಿ ಭಾಷಣಕಾರರನ್ನು ಹೇಗೆ ಪರಿಚಯಿಸುತ್ತಾರೆ ಎಂದು ಎಣಿಸಿದ 2017ರ ಅಧ್ಯಯನವೊಂದರಲ್ಲಿ, ಪುರುಷರು ಪುರುಷರನ್ನು ಪರಿಚಯಿಸುವಾಗ ಶೇ 72.4 ಸಲ ‘ಡಾಕ್ಟರ್’ ಎಂಬ ಬಿರುದು ಬಳಸಿದ್ದರು. ಮಹಿಳೆಯರನ್ನು ಪರಿಚಯಿಸುವಾಗ ಶೇ 49.2 ಸಲ. ರೌಂಡ್ಸ್‌ನಲ್ಲಿ ಯಾರಿಗೆ ಬಿರುದು, ಯಾರಿಗೆ ಬರೀ ಹೆಸರು ಎಂದು ಒಂದು ದಿನ ಕಿವಿಗೊಟ್ಟು ನೋಡಿ. ರೋಗಿಗಳೂ ಅದನ್ನೇ ಕೇಳಿಸಿಕೊಂಡು ಕಲಿಯುತ್ತಾರೆ.

ರೋಗಿ ‘ಆ ನರ್ಸ್ ಬೇಡ’ ಎಂದಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ತರಬೇತಿಗಳು ಮುಟ್ಟುವುದೇ ಇಲ್ಲ. ಸಿಬ್ಬಂದಿ ಎದುರಿಸುವ ತಾರತಮ್ಯದಲ್ಲಿ ಇದರ ಪಾಲು ಸಣ್ಣದಲ್ಲ. ಅಮೆರಿಕದ 7,409 ಶಸ್ತ್ರಚಿಕಿತ್ಸಾ ರೆಸಿಡೆಂಟ್‌ಗಳ (ತರಬೇತಿಯಲ್ಲಿರುವ ವೈದ್ಯರ) ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಮಹಿಳೆಯರಲ್ಲಿ ಶೇ 65.1 ಮಂದಿ ಲಿಂಗ ತಾರತಮ್ಯ ಅನುಭವಿಸಿದ್ದಾಗಿ ಹೇಳಿದರು. ಲಿಂಗ ತಾರತಮ್ಯಕ್ಕೂ ಜನಾಂಗೀಯ ತಾರತಮ್ಯಕ್ಕೂ ರೆಸಿಡೆಂಟ್‌ಗಳು ಅತಿ ಹೆಚ್ಚು ಬೊಟ್ಟು ಮಾಡಿದ್ದು ರೋಗಿಗಳು ಮತ್ತು ರೋಗಿಗಳ ಮನೆಯವರ ಕಡೆಗೆ.

ಮೊದಲು ಕೋರಿಕೆಯ ಹಿಂದೆ ಏನಿದೆ ಎಂದು ಕೇಳಿ. ಮೈ ಒರೆಸುವಾಗ, ಕ್ಯಾಥೆಟರ್ ಹಾಕುವಾಗ ಹೆಣ್ಣುಮಗಳೊಬ್ಬಳು ಮಹಿಳಾ ನರ್ಸ್ ಕೇಳಿದರೆ, ದೌರ್ಜನ್ಯಕ್ಕೆ ಒಳಗಾದವರು ಒಂದು ಬಗೆಯ ಸಿಬ್ಬಂದಿಯನ್ನು ಕಂಡು ನಡುಗಿದರೆ, ಭಾಷೆ ಅರ್ಥವಾಗದೆ ಗಾಬರಿಯಾದರೆ, ಅವು ಆರೈಕೆಯ ಪ್ರಶ್ನೆಗಳು, ಸಾಧ್ಯವಾದಷ್ಟು ನಡೆಸಿಕೊಡಿ. ಬುದ್ಧಿಭ್ರಮಣೆಯಲ್ಲಿ ಬೈದವರ ಜೊತೆ ವಾದಕ್ಕಿಳಿಯಬೇಡಿ. ತುರ್ತು ಸ್ಥಿತಿಯಲ್ಲಿ ಇರುವವರು ಚಿಕಿತ್ಸೆ ಕೊಡುತ್ತಾರೆ. ಇವಾವುದೂ ಅಲ್ಲದೆ, ಬಣ್ಣಕ್ಕೋ ಜಾತಿಗೋ ಧರ್ಮಕ್ಕೋ ಬೇಡ ಎನ್ನುತ್ತಿದ್ದರೆ, ಸದ್ದಿಲ್ಲದೆ ಡ್ಯೂಟಿ ಬದಲಿಸಿ ಗಲಾಟೆ ತಪ್ಪಿಸುವುದು ಇನ್‌ಚಾರ್ಜ್‌ಗಳು ಸಾಮಾನ್ಯವಾಗಿ ಹಿಡಿಯುವ ಸುಲಭದ ದಾರಿ. ಒಂದು ವೃದ್ಧಾಶ್ರಮ ಹಾಗೆ ಮಾಡಿದ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರಲ್ಲಿ, ನಿವಾಸಿಯ ಇಷ್ಟ ಎಂಬ ಕಾರಣಕ್ಕೆ ಸಿಬ್ಬಂದಿಯನ್ನು ಜನಾಂಗದ ಆಧಾರದಲ್ಲಿ ಹಂಚುವಂತಿಲ್ಲ ಎಂದಿತು. ಕಾನೂನು ದೇಶಕ್ಕೊಂದು ಇದ್ದೀತು. ಆದರೆ ಆ ದಾರಿಯಲ್ಲಿ ಏನಾಗುತ್ತದೆ ನೋಡಿ: ಬೈಸಿಕೊಂಡವರ ಕೆಲಸವೇ ಕೈತಪ್ಪಿತು, ಬೈದವರ ಮಾತು ನಡೆಯಿತು, ವಾರ್ಡಿನ ಉಳಿದವರೆಲ್ಲ ಅದನ್ನು ಕಂಡರು.

ರೋಗಿಯ ಹಾಸಿಗೆಯ ಬಳಿಗೆ ನೀವೇ ಹೋಗಿ. ‘ಇವರು ನುರಿತ ನರ್ಸ್. ನಿಮ್ಮ ಆರೈಕೆಗೆ ನಾನೇ ಇವರನ್ನು ಹಾಕಿದ್ದೇನೆ. ಆರೈಕೆಯಲ್ಲಿ ಏನಾದರೂ ಕೊರತೆಯಿದ್ದರೆ ಹೇಳಿ, ಕೇಳುತ್ತೇನೆ. ಬೇರೆ ಕಾರಣಕ್ಕೆ ಬದಲಿಸುವುದಿಲ್ಲ.’ ಇಷ್ಟು ಸಾಕು, ಉಪದೇಶ ಬೇಡ. ಇದಕ್ಕೂ ಮೊದಲು ಒಂದು ಕೆಲಸ ಇದೆ: ಆ ನರ್ಸ್ ಅನ್ನು ಒಂದು ನಿಮಿಷ ಹೊರಗೆ ಕರೆದು ಅವರಿಗೇನು ಬೇಕು ಎಂದು ಕೇಳುವುದು. ಕೆಲವರು ಅಲ್ಲೇ ಮುಂದುವರಿಯಲು ಬಯಸುತ್ತಾರೆ, ಕೆಲವರಿಗೆ ಅಂದು ಸಾಕಾಗಿರುತ್ತದೆ. ಅವರೇ ಬದಲಾವಣೆ ಕೇಳಿದರೆ ಕೊಡಿ, ಅವರ ಪರವಾಗಿ ನೀವು ತೀರ್ಮಾನಿಸಬೇಡಿ. ಬಳಿಕ ಅದನ್ನು ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಬರೆಯಿರಿ, ಬಿದ್ದ ರೋಗಿಯ ಬಗ್ಗೆ ಬರೆಯುವಷ್ಟೇ ಸಹಜವಾಗಿ.

ಕೊನೆಗೆ, ‘ನಮ್ಮಂಥವರಿಗೇ’ ಎಂದ ಆ ಕಿರಿಯರ ವಿಷಯ. ನಿಮ್ಮ ಮುಖಕ್ಕೆ ಹೇಳಿದರು ಎಂದರೆ ನಿಮ್ಮ ಮೇಲೆ ಇನ್ನೂ ಒಂದಿಷ್ಟು ನಂಬಿಕೆ ಉಳಿದಿದೆ. ‘ನಾನು ಅಂಥವಳಲ್ಲ’ ಎಂದು ಶುರುಮಾಡಬೇಡಿ. ಮಾತು ತಕ್ಷಣ ನಿಮ್ಮ ಬಗ್ಗೆ ಆಗುತ್ತದೆ, ಅವರು ನಿಮ್ಮನ್ನು ಸಮಾಧಾನ ಮಾಡುವ ಸ್ಥಿತಿಗೆ ಬರುತ್ತಾರೆ. ಪರೀಕ್ಷೆಯಲ್ಲಿ ಬಂದ ಅಂಕವನ್ನು ಅವರೆದುರು ತೋಡಿಕೊಳ್ಳುವುದೂ ಬೇಡ, ಅದೇ ಕಾರಣಕ್ಕೆ. ಯಾವ ಘಟನೆಗಳು, ಯಾರ್ಯಾರಿಗೆ ಆಯಿತು ಎಂದು ಕೇಳಿ ಬರೆದುಕೊಳ್ಳಿ. ಮೆಮೊಗಳನ್ನೂ ರೋಸ್ಟರನ್ನೂ ತೆಗೆದು ನೋಡುತ್ತೇನೆ, ಇಂಥ ದಿನ ಬಂದು ಕಂಡದ್ದನ್ನು ಹೇಳುತ್ತೇನೆ ಎಂದು ತಾರೀಖು ಕೊಡಿ. ನನ್ನ ಮೇಲೆ ವಿಶ್ವಾಸ ಇಲ್ಲದಿದ್ದರೆ ಇಂಥವರ ಬಳಿ ಹೋಗಬಹುದು ಎಂದು ಇನ್ನೊಂದು ದಾರಿಯನ್ನೂ ತೋರಿಸಿ. ಮುಂದಿನ ಕೆಲವು ತಿಂಗಳು ಅವರ ಹೆಸರಿನ ಮುಂದೆ ನೈಟ್ ಡ್ಯೂಟಿ ಹೆಚ್ಚಾಗದಂತೆ, ಅವರಿಗೆ ಮೆಮೊ ಹೋಗುವ ಸಂದರ್ಭ ಬಂದರೆ ಆ ನಿರ್ಧಾರ ಬೇರೊಬ್ಬರ ಕೈಯಲ್ಲಿ ಇರುವಂತೆ ನೋಡಿಕೊಳ್ಳಿ.

ಲೆಕ್ಕ ಅವರ ಮಾತಿಗೆ ಪೂರ್ತಿ ಹೊಂದದೆಯೂ ಇರಬಹುದು. ಆಗಲೂ ಕೊಟ್ಟ ತಾರೀಖಿಗೆ ಹೋಗಿ, ಹೆಸರುಗಳನ್ನು ಮರೆಮಾಡಿ ಅಂಕಿಗಳನ್ನು ಅವರ ಮುಂದಿಡಿ, ಇದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿ. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ: ಹ್ಯಾಂಡೋವರ್‌ನಲ್ಲಿ ಯಾರನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಪ್ರಶ್ನೆ ಕೇಳಿದರೆ ಯಾರಿಗೆ ಉತ್ತರ ಸಿಗುತ್ತದೆ, ಯಾರನ್ನು ಇನ್ನೂ ‘ಏಯ್’ ಎಂದೇ ಕರೆಯುತ್ತಾರೆ.